ದೋಣಿಯವನ ಕಥೆಯ ಕೊನೆ

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಬಸವಂತರಾಯರು ಕಂಟ್ರೋಲರ್ ಆಗಿದ್ದಾಗ ನನಗೊಂದು ಬಸ್ಸು ತಪ್ಪಿಸಿದರು. ನಮ್ಮ ಗುರುತಾದದ್ದೇ ಹಾಗೆ.

ನಾನು ಬಸವನ ಬಾಗೇವಾಡಿಯವಳು, ಹೆಸರು ಮುಬೀನಾ. ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಸಣ್ಣ ಅಂಗಡಿ ನನ್ನದು. ಅವತ್ತು ಸಿಂದಗಿಯ ಅಕ್ಕನ ಮನೆಯಿಂದ ಊರಿಗೆ ಹೊರಟು ಬೆಂಚಿನ ಮೇಲೆ ಕಾದಂಬರಿಯೊಂದನ್ನು ಬಿಚ್ಚಿಕೊಂಡು ಕೂತಿದ್ದೆ. ಕಂಟ್ರೋಲರ್ ಖೋಲಿಯ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು.

"ಯವ್ವಾ, ಆ ಪುಸ್ತಕ ನಾನೂ ಓದೇನಿ. ಹೆಂಗ ಅನಸ್ತು?"

"ಸುಳ್ಳು ಬರದಾರ‍್ರಿ," ಎಂದೆ. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. "ಗಂಡ ಸತ್ತ ದಿನಾ ಯಾವ ಹೆಣ್ಣಮಗಳೂ ಹಂಗ ಕೂತು ಚಂದಂಗ ಮಾತಾಡಂಗಿಲ್ಲ."

ಅವರು ಖೋಲಿ ಬಿಟ್ಟು ಹೊರಗೇ ಬಂದರು. ಆ ಹೆಂಗಸು ಹಾಗೆ ಯಾಕೆ ಮಾತಾಡಿದಳು ಎಂದು ಅವರು ಹೇಳುವುದು, ಅಲ್ಲ ಎಂದು ನಾನು ಹೇಳುವುದು. ಜಗಳ ರಂಗೇರಿದ್ದಾಗ ನನ್ನ ಬಸ್ಸು ಬಂದು ನಿಂತು ಹೋಗಿಯೂ ಆಗಿತ್ತು. ಮೈಕಿನಲ್ಲಿ ಕೂಗಬೇಕಾದವರು ನನ್ನ ಎದುರಿಗೇ ನಿಂತು ವಾದ ಮಾಡುತ್ತಿದ್ದರಲ್ಲ! ಬಸ್ಸು ತಪ್ಪಿದ ಬೇರೆ ಮಂದಿ ಬಂದು ಅವರನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡರು. ಅವರು ನಗುತ್ತ ಕೈಮುಗಿದರು. ನನಗೆ ಮಾತ್ರ, "ಮುಂದಿನ ಗಾಡಿಗೆ ಇನ್ನ ಟೈಮ್ ಐತಿ, ಚಾ ಕುಡಿಯೂಣು ಬಾ. ನಿಂದು ಇನ್ನೂ ತಪ್ಪೈತಿ," ಎಂದರು.

ಹೀಗೆ ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂತವರನ್ನು ಕಿಟಕಿಯಿಂದ ನೋಡಿ ನೋಡಿಯೇ ಅವರು ನಮ್ಮನ್ನು ಒಂದುಗೂಡಿಸಿದ್ದು. ಇಂಡಿಯ ಅನೀಲಕುಮಾರ ನಿಂಬೆಹಣ್ಣಿನ ವ್ಯಾಪಾರಿ. ಮುದ್ದೇಬಿಹಾಳದ ಸುನೀತಾ ಪ್ರಾಥಮಿಕ ಶಾಲೆಯ ಟೀಚರು, ನಾವೆಲ್ಲ ಬಾಯಾರು ಎನ್ನುತ್ತೇವೆ. ಮೂರನೆಯವಳು ನಾನು. ಬಸವಂತರಾಯರು ನಮಗೆ ಕಂಟ್ರೋಲರ್ ಕಾಕಾ ಆದರು.

ಕಾಕಾ ಹುಟ್ಟಿದ್ದು ಕನ್ನೊಳ್ಳಿಯಲ್ಲಿ. ಅಪ್ಪ ಕುರಿ ಮೇಯಿಸುತ್ತಿದ್ದರು. ಆ ಮನೆಯಲ್ಲಿ ಮೊದಲು ಅಕ್ಷರ ಕಲಿತವರು ಇವರೇ. ಕಂಡಕ್ಟರಾಗಿ ಸೇರಿ, ಮೊಣಕಾಲು ನೋವು ಹಿಡಿದ ಮೇಲೆ ಕಂಟ್ರೋಲರ್ ಖೋಲಿಗೆ ಬಂದರು. ಅವರಿಗೆ ಊರಿನ ರಾಜಕೀಯ ಬೇಕಿಲ್ಲ, ಇಸ್ಪೀಟು ಬೇಕಿಲ್ಲ, ಮಗಳ ಮದುವೆಯ ದಿನವೂ ಚಪ್ಪರದ ಹಿಂದೆ ಕೂತು ಓದುತ್ತಿದ್ದರಂತೆ. ಅವರ ಹೆಂಡತಿ ಸಾತವ್ವ ಕಾಕು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ನನ್ನ ಸವತಿ ಕಪಾಟದಾಗ ಕುಂತಾಳ ನೋಡ," ಎಂದು ಕಬ್ಬಿಣದ ಕಪಾಟು ತೋರಿಸಿ ನಗುತ್ತಿದ್ದರು.

ನಮ್ಮ ಪುಸ್ತಕ ಬಸ್ಸಿನಲ್ಲಿ ತಿರುಗುತ್ತಿತ್ತು. ಅರಿವೆಯಲ್ಲಿ ಸುತ್ತಿ, ಗುರುತಿನ ಕಂಡಕ್ಟರ್ ಕೈಗೆ ಕೊಡುವುದು. ಆ ಕಡೆ ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುವುದು. ಮೊದಲು ಇಂಡಿ, ಆಮೇಲೆ ಮುದ್ದೇಬಿಹಾಳ, ಆಮೇಲೆ ಬಾಗೇವಾಡಿ, ಕಡೆಗೆ ಸಿಂದಗಿ. ಪುಸ್ತಕ ಆರಿಸುವವರು ಕಾಕಾ, ಓದುವುದು ಮಾತ್ರ ಎಲ್ಲರಿಗಿಂತ ಕೊನೆಗೆ. "ಕಂಟ್ರೋಲರ್ ಅಂದ್ರ ಎಲ್ಲಾರನೂ ಕಳಿಸಿ ತಾ ಮನಿಗಿ ಹೋಗಾಂವ," ಎನ್ನುತ್ತಿದ್ದರು. ಪುಸ್ತಕ ಅವರಿಗೆ ಮುಗಿಯುವ ತನಕ ಕೊನೆಯ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಮುಗಿದ ಮೇಲೆ ಒಂದು ಭಾನುವಾರ ಅವರ ಮನೆಯಲ್ಲಿ ಕೂಡಬೇಕು. ಕಡೆಗೆ ಓದಿದವರೇ ಮೊದಲು ಕೊನೆಯನ್ನು ಹೇಳಿ, ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡಬೇಕು. ಆಮೇಲೆ ಜಗಳ ಶುರು. ಒಮ್ಮೆ ಅನೀಲಕುಮಾರ ಬಾಯಿ ತಡೆಯಲಾರದೆ ಫೋನಿನಲ್ಲಿ ಕೊನೆ ಹೇಳಿಬಿಟ್ಟ. ತಪ್ಪಿಗೆ ಉಳಿದ ಮೂರೂ ಮನೆಗೆ ಉಪ್ಪಿನಕಾಯಿ ಆಗುವಷ್ಟು ನಿಂಬೆಹಣ್ಣು ಕಳಿಸಬೇಕಾಯಿತು.

ನಡುವೆ ಕಾಕಾನ ಫೋನು ಬರುತ್ತಿತ್ತು. ಹಲೋ ಇಲ್ಲ, ಏನಿಲ್ಲ. "ಎಲ್ಲಿ ಬಂತು ಗಾಡಿ?" ಅಂದರೆ ಪುಸ್ತಕ ಎಷ್ಟು ಓದಿದೆ ಎಂದು. ಅನೀಲಕುಮಾರ, "ಇನ್ನೂ ಝಳಕಿ ದಾಟಿಲ್ರಿ ಕಾಕಾ," ಎನ್ನುವನು, ಅಂದರೆ ಈಗಷ್ಟೇ ಶುರು ಮಾಡಿದ್ದಾನೆ. ಮುಗಿಯುತ್ತ ಬಂದಿದ್ದರೆ ನಾವು "ಕನ್ನೊಳ್ಳಿ" ಎನ್ನುತ್ತಿದ್ದೆವು. ಕನ್ನೊಳ್ಳಿ ಬಂತೆಂದರೆ ಸಿಂದಗಿ ಬಂದಂತೆಯೇ. ನಾನು ಜೀವನದಲ್ಲಿ ಹೊಲಿದ ಬಟ್ಟೆಗೆ ಲೆಕ್ಕವಿಲ್ಲ, ಆದರೆ "ನೀ ಏನ್ ಓದಾಕತ್ತೀ?" ಎಂದು ನನ್ನನ್ನು ಕೇಳಿದವರು ಅವರೊಬ್ಬರೇ.

ಮುಂದಿನದನ್ನು ನಾವು ತಡವಾಗಿ ತಿಳಿದೆವು. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಕೊನೆ ಮುಚ್ಚಿಡುವ ಆಟ ನನಗೆ ಸಾಕಾಗಿದೆ. ರಿಟೈರ್ ಆದ ಮೇಲೆ ಕಾಕಾನ ಕಣ್ಣು ಹೋಗುತ್ತ ಬಂತು. ಬಲಗಣ್ಣು ಮೊದಲು, ಆಮೇಲೆ ಎಡಗಣ್ಣು. ಪೂರ್ತಿ ಕತ್ತಲೆಯಲ್ಲ. ಸುತ್ತಲೂ ಬೆಳಕು, ದಾರಿ ಕಾಣುತ್ತದೆ, ಗೋಡೆ ಕಾಣುತ್ತದೆ. ಎಲ್ಲಿ ನೆಟ್ಟು ನೋಡಿದರೆ ಅಲ್ಲೇ ಕಪ್ಪು. ಅಕ್ಷರದ ಮೇಲೆ ಕಣ್ಣಿಟ್ಟರೆ ಅಕ್ಷರವೇ ಇಲ್ಲ. ಕಣ್ಣಿನ ಒಳಗಿನ ಪರದೆ ಸವೆದಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದರಂತೆ. ಕಾಕಾ ಅದನ್ನು ಸಾತವ್ವ ಕಾಕು ಒಬ್ಬರಿಗೆ ಮಾತ್ರ ಹೇಳಿ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರು.

ನಮಗೆ ಹೇಳಿದ್ದರೆ ಏನಾಗುತ್ತಿತ್ತು? ಓದಿ ಹೇಳುತ್ತಿದ್ದೆವು. ಅದೇ ಅವರಿಗೆ ಬೇಡವಾಗಿತ್ತು. ಮಗಳು ಫೋನಿನಲ್ಲಿ ಪುಸ್ತಕ ಓದಿ ಹೇಳುವ ದನಿಯೊಂದನ್ನು ಹಾಕಿಕೊಟ್ಟಿದ್ದಳಂತೆ. ಸ್ವಲ್ಪ ಕೇಳಿ ಬಂದ್ ಮಾಡಿಸಿದರು. "ಅಂವ ಓದಾಕತ್ತಾನ, ನಾ ಸುಮ್ನ ಕುಂತೇನಿ," ಎಂದರಂತೆ.

ಆಗ ತಿರುಗುತ್ತಿದ್ದದ್ದು ಒಂದು ದೋಣಿಯವನ ಕಾದಂಬರಿ. ಹೊಳೆಯ ದಂಡೆಯಲ್ಲಿ ಮಂದಿಯನ್ನು ದಾಟಿಸುವ ಮುದುಕ. ಸರ್ಕಾರ ಸೇತುವೆ ಕಟ್ಟುತ್ತದೆ, ಊರು ದೋಣಿಯನ್ನು ಮರೆಯುತ್ತದೆ, ಮುದುಕ ಸೇತುವೆಯ ಮೇಲೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಕೂಡುತ್ತಾನೆ. ಕೊನೆಯಲ್ಲಿ ಮೊಮ್ಮಗಳಿಗೆ ಜ್ವರ ಏರಿ, ಅವಳನ್ನು ಹೆಗಲಿಗೆ ಹಾಕಿಕೊಂಡು ಅದೇ ಸೇತುವೆಯ ಮೇಲೆ ಓಡುತ್ತಾನೆ. ಹುಡುಗಿ ಬದುಕುತ್ತಾಳೆ. ತಿರುಗಿ ಬರುವಾಗ ಮುದುಕ ಸೇತುವೆಯ ನಡುವೆ ನಿಂತು ನಗುತ್ತಾನೆ. ಓದಿ ನನಗೆ ಮೈಯೆಲ್ಲ ಉರಿಯಿತು. ಇಷ್ಟು ಪುಟ ನೋಯಿಸಿ ಕೊನೆಗೆ ಬಾಯಿಗೆ ಬೆಲ್ಲ ಹಾಕಿದರೆ ಆಯಿತೇ? ಕಾಕಾನ ಜೊತೆ ಇದರ ಮೇಲೆ ಭಾರೀ ಜಗಳವಾಗಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತ ಪುಸ್ತಕವನ್ನು ಸಿಂದಗಿಗೆ ಕಳಿಸಿದೆ.

ಪುಸ್ತಕ ಅಲ್ಲೇ ಕೂತಿತು. ಈ ಸಲ ನಾನೇ ಫೋನು ಮಾಡಿದೆ.

"ಎಲ್ಲಿ ಬಂತ್ರಿ ಗಾಡಿ?"

"ಇನ್ನೂ ದೂರ ಐತಿ ಯವ್ವಾ."

ದೀಪಾವಳಿ ಹೋಯಿತು, ಜೋಳಕ್ಕೆ ತೆನೆ ಬಂತು. ದೂರವೇ ಇತ್ತು. ಬಿಸಿಲಿನಲ್ಲಿ ಅಂಗಳಕ್ಕೆ ಕುರ್ಚಿ ಹಾಕಿಸಿಕೊಂಡು, ದಪ್ಪ ಭೂತಗನ್ನಡಿ ಹಿಡಿದು, ಅಕ್ಷರವನ್ನು ಕಣ್ಣಿನ ಮೂಲೆಯಿಂದ ಹಿಡಿಯಲು ತಲೆ ಅತ್ತಿತ್ತ ಹೊರಳಿಸುತ್ತ ಒಂದೊಂದೇ ಸಾಲು ಓದುತ್ತಿದ್ದರಂತೆ. ಸೇತುವೆ ಕಟ್ಟಿ ಮುಗಿಯುವ ತನಕ ಓದಿದ್ದಾರೆ. ಅಲ್ಲಿಂದ ಮುಂದೆ ಎಡಗಣ್ಣೂ ಕೈಕೊಟ್ಟಿತು. ಪುಸ್ತಕ ಮುಖಕ್ಕೆ ಒತ್ತಿಕೊಂಡು ಅತ್ತರೆಂದು ಕಾಕು ಹೇಳಿದರು.

ಆದರೂ ಒಂದು ದಿನ ಫೋನು ಬಂತು. "ಕನ್ನೊಳ್ಳಿ ದಾಟೇನಿ. ಐತವಾರ ಬರ‍್ರಿ ಎಲ್ಲಾರೂ."

ಹೋದೆವು. ಚುರಮುರಿ ಸುಸಲಾ, ಮಿರ್ಚಿ ಭಜಿ, ಎಲ್ಲ ಎಂದಿನಂತೆ. ನಾನು ಚಹಾದ ಕಪ್ಪು ತರಲು ಒಳಗೆ ಹೋದಾಗ ಸಾತವ್ವ ಕಾಕು ನನ್ನ ಕೈ ಹಿಡಿದರು. ಆಣೆ ಮುರಿದರು. ಕಣ್ಣಿನ ವಿಷಯ, ಅಂಗಳದ ಕುರ್ಚಿ, ಎಲ್ಲ ಒಂದೇ ಉಸಿರಿಗೆ ಹೇಳಿದರು.

"ಕಡೀದು ಅವರು ಓದಿಲ್ಲ ಯವ್ವಾ. ಏನರೆ ಮನಸಿಗಿ ಬಂದಿದ್ದ ಹೇಳ್ತಾರ. ನೀ ಜಗಳಾ ತಗೀಬ್ಯಾಡ. ಹೌದ ಅನ್ರಿ ಎಲ್ಲಾರೂ. ಅವರ ಮಾನಾ ನಿಮ್ಮ ಕೈಯಾಗ ಐತಿ."

ಕೈ ತೊಳೆಯುವ ನೆವದಿಂದ ಅನೀಲಕುಮಾರನಿಗೂ ಸುನೀತಾ ಬಾಯಾರಿಗೂ ಪಿಸುಮಾತಿನಲ್ಲಿ ತಿಳಿಸಿದೆ. ಒಳಗೆ ಬಂದು ಚಾಪೆಯ ಮೇಲೆ ಕೂತೆವು. ಕಾಕಾ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಓದಿದವರ ಗತ್ತಿನಿಂದಲೇ ಶುರು ಮಾಡಿದರು.

"ಕಡೀಕ್ ಮುದುಕ ಏನ ಮಾಡ್ತಾನ? ದೋಣಿ ಒಡದು ಒಲಿಗಿ ಹಾಕ್ತಾನ. ಒಂದೊಂದ ಹಲಗಿ. ಮನ್ಯಾಗ ಅನ್ನ ಬೇಯ್ತೈತಿ, ಇವನ ಹೊಟ್ಟಿ ತುಂಬಂಗಿಲ್ಲ. ಆದ್ರೂ ದಿನಾ ಮುಂಜಾನೆದ್ದು ದಂಡಿಗಿ ಹೋಗಿ ಕೂಗ್ತಾನ. ಬರ‍್ರಿ, ದಾಟಸ್ತೇನಿ ಬರ‍್ರಿ ಅಂತ. ಮ್ಯಾಲೆ ಸೇತುವಿ ಮ್ಯಾಲ ಮಂದಿ ಹೊಂಟಿರ್ತಾರ. ಒಬ್ಬರೂ ತಿರುಗಿ ನೋಡಂಗಿಲ್ಲ. ಅಲ್ಲಿಗಿ ಮುಗೀತು." ಅವರು ತಡೆದು, "ಬರೋಬ್ಬರಿ ಮುಗಿಸ್ಯಾನ ಅನಸ್ತು ನನಗ," ಎಂದರು.

ಬಾಯಾರು ನನ್ನ ಮುಖ ನೋಡಿದರು.

"ಹೌದ್ರಿ ಕಾಕಾ," ಎಂದರು ಸುನೀತಾ ಬಾಯಾರು. "ಭಾಳ ಚಂದ ಮುಗಿಸ್ಯಾರ."

"ಹೌದು ಹೌದು," ಎಂದ ಅನೀಲಕುಮಾರ. ಅವನಿಗೆ ನಟನೆ ಬರುವುದಿಲ್ಲ, ಹೌದನ್ನು ಎರಡು ಸಲ ಅಂದ.

ಕಾಕಾ ಮುಖವನ್ನು ನಾನು ಕೂತ ಕಡೆಗೆ ತಿರುಗಿಸಿದರು. ನೋಟ ನನ್ನ ಕಿವಿಯ ಪಕ್ಕದಲ್ಲೆಲ್ಲೋ ನಿಂತಿತ್ತು.

"ಮುಬೀನಾ, ನೀ ಯಾಕ ಸುಮ್ನದೀ?"

"ನೀವು ಹೇಳಿದ್ದು ಖರೇ ಐತ್ರಿ ಕಾಕಾ."

"ತಪ್ಪಿಲ್ಲೇನ ಏನೂ?"

"ಇಲ್ರಿ."

"ಜಗಳಾ ಇಲ್ಲೇನ ಇವತ್ತ?"

ಬಾಗಿಲಲ್ಲಿ ಸಾತವ್ವ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. "ಇಲ್ರಿ ಕಾಕಾ," ಎಂದೆ. ಬಸ್ಸು ತಪ್ಪಿದ ದಿನದಿಂದ ಇವತ್ತಿನ ತನಕ ಅವರು ಹೇಳಿದ ಯಾವುದಕ್ಕೂ ನಾನು ಇಷ್ಟು ಸಲೀಸಾಗಿ ಹೂಂ ಅಂದವಳಲ್ಲ. ಕಾಕಾ ಪುಸ್ತಕವನ್ನು ತೊಡೆಯ ಮೇಲಿಂದ ತೆಗೆದು ಚಾಪೆಯ ಮೇಲಿಟ್ಟು, "ಭಜಿ ಆರತಾವು, ತಗೋರಿ," ಎಂದರು. ಮುಂದಿನ ಪುಸ್ತಕ ಯಾವುದೆಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನಮಗಾಗಲಿಲ್ಲ.

ಅನೀಲಕುಮಾರ ತನ್ನ ಮೋಟರ್ ಸೈಕಲ್ ಮೇಲೆ ಹೋದ. ಬಾಯಾರಿಗೆ ತಾಳಿಕೋಟಿ ಕಡೆಯ ಬಸ್ಸು ಬೇಗ ಸಿಕ್ಕಿತು. ನನ್ನನ್ನು ಬಸ್ಸು ಹತ್ತಿಸುವುದು ಕಾಕಾನ ಪದ್ಧತಿ. ಅದನ್ನು ಅವತ್ತೂ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ನಿಂತಿದ್ದಾಗ ಒಂದು ಬಸ್ಸು ಒಳಗೆ ಬಂತು. ಕಾಕಾ ಕತ್ತು ಓರೆ ಮಾಡಿ, ಬೋರ್ಡಿನ ಕಡೆ ಕಣ್ಣು ಹೊರಳಿಸಿದರು.

"ಬಾಗೇವಾಡಿ ಗಾಡಿ. ಹತ್ತ ಯವ್ವಾ."

ಬೋರ್ಡಿನ ಮೇಲೆ ದೇವಣಗಾಂವ ಎಂದಿತ್ತು. ಅದು ಭೀಮಾ ನದಿಯ ಕಡೆಯ ಹಳ್ಳಿ, ನನ್ನ ಊರಿಗೆ ಪೂರ್ತಿ ಉಲ್ಟಾ ದಿಕ್ಕು. ಆಯುಷ್ಯವಿಡೀ ಮಂದಿಯನ್ನು ಸರಿಯಾದ ಬಸ್ಸಿಗೆ ಹತ್ತಿಸಿದವರು, ಅದೇ ಜಾಗದಲ್ಲಿ ನಿಂತು, ನನಗೆ ತಪ್ಪು ಬಸ್ಸು ತೋರಿಸುತ್ತಿದ್ದರು. ಅಲ್ಲ ಎಂದರೆ ಅವರ ಮಾನ ಹೋಗುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿದು ತಿರುಗಿ ಬಂದರಾಯಿತು ಎಂದುಕೊಂಡೆ.

"ಹತ್ತತೇನ್ರಿ ಕಾಕಾ," ಎಂದು ಹತ್ತಿ ಕೂತೆ. ಕಿಟಕಿಯಿಂದ ಕೈಬೀಸಿದೆ. ಅವರೂ ನನ್ನ ಕಡೆಗಲ್ಲದ ಕಡೆಗೆ ಕೈಬೀಸಿದರು. ಬಸ್ಸು ಗೇಟು ದಾಟಿ ತಿರುಗಿದಾಗ ಆ ಕೈ ಮೇಲೆಯೇ ನಿಂತಿತು. ಬಾಗೇವಾಡಿ ಬಸ್ಸು ಗೇಟಿನಿಂದ ಯಾವ ಕಡೆ ತಿರುಗುತ್ತದೆ ಎಂದು ತಿಳಿಯಲು ಅವರಿಗೆ ಕಣ್ಣು ಬೇಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿಯಿತು. ಹಲೋ ಇಲ್ಲ, ಏನಿಲ್ಲ.

"ಎಲ್ಲಿ ಬಂತು ಗಾಡಿ?"

ಆಗಲಾದರೂ ಹೇಳಬಹುದಿತ್ತು. "ಬಾಗೇವಾಡಿ ಹಾದ್ಯಾಗ ಅದೇನ್ರಿ ಕಾಕಾ," ಎಂದೆ.

ಅಷ್ಟರಲ್ಲಿ ಕಂಡಕ್ಟರು ನನ್ನ ತಲೆಯ ಮೇಲೇ ನಿಂತು ಕೂಗಿದ. "ದೇವಣಗಾಂವ ಯಾರ‍್ರಿ, ದೇವಣಗಾಂವ! ಟಿಕೀಟ ತಗೋರಿ!"

ಫೋನಿನ ಆ ತುದಿಯಲ್ಲಿ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ಅವರ ಉಸಿರೂ ಕೇಳುತ್ತಿತ್ತು.

"ಮುಬೀನಾ," ಎಂದರು ಕಾಕಾ, "ನೀನೂ ಜಗಳಾ ಬಿಟ್ಟ ಮ್ಯಾಲ ನನಗ ಖರೇ ಹೇಳಾವ್ರು ಯಾರ ಉಳದ್ರವಾ?"

ನಾನು ಬಾಯಿ ತೆರೆಯುವುದರೊಳಗೆ ಫೋನು ಕಟ್ ಆಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಸಾತವ್ವ ಕಾಕುವೇ ಎತ್ತುತ್ತಾರೆ, ಮಲಗಿದ್ದಾರೆ ಎನ್ನುತ್ತಾರೆ.