ಎಲ್ಲ ದೇಶಗಳಿಗೂ ಒಂದೇ ಪ್ರಶ್ನೆ

ಇನ್ಸುಲಿನ್‌ಗೆ ಒಂದು ವಾಸನೆ ಇದೆ. ಹೋದ ತಿಂಗಳಿಂದ ನಾನೂ ಅದನ್ನು ಚುಚ್ಚಿಕೊಳ್ಳುತ್ತಿದ್ದೇನೆ. ಮೊದಲ ದಿನ ಸೂಜಿಯ ತುದಿಯಲ್ಲಿ ಹನಿ ಮೂಡಿ, ಆಸ್ಪತ್ರೆಯಂಥ ಆ ಘಾಟು ಮೂಗಿಗೆ ಬಡಿದಾಗ ತಾರ್ನಾಕ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವೈನಿ ನೆನಪಾದರು...

ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲ. ಗುಲ್ಬರ್ಗದ ಕಡೆಯ ವೈನಿ ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಸಾಮಾನ್ಯ ಜನರಿಗೆ ವಿಜ್ಞಾನ ಎಷ್ಟು ಗೊತ್ತಿದೆ ಎಂದು ಹಲವು ದೇಶಗಳನ್ನು ಹೋಲಿಸುವ ಸಮೀಕ್ಷೆಯೊಂದರಲ್ಲಿ ನಮ್ಮ ಊರಿನ ಕೆಲಸ ಅವರ ಪಾಲಿಗೆ ಬಂದಿತ್ತು. ಎಂ.ಎ. ಮುಗಿಸಿ ಮನೆಯಲ್ಲಿದ್ದ ನನ್ನನ್ನೂ ಸೇರಿಸಿಕೊಂಡರು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆಯೇ, ಔಷಧಿ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ... ಹೊರದೇಶದಿಂದ ಬಂದ ಪ್ರಶ್ನೆಗಳನ್ನು ತೆಲುಗಿಗೆ, ಉರ್ದುವಿಗೆ ತಂದು ಮನೆಮನೆ ತಿರುಗುತ್ತಿದ್ದೆವು.

"ನಮ್ಮ ಮಂದಿ ಯಾರಿಗೂ ಕಮ್ಮಿ ಇಲ್ಲವ್ವಾ, ನೋಡ್ತಿರು," ಅನ್ನುತ್ತಿದ್ದರು ವೈನಿ.

ಮೊದಲು ಕೇಳಿನೋಡಿದ್ದು ಅವರ ಗಂಡನನ್ನೇ. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ, ಅದಕ್ಕೇ ಇವರು ವೈನಿ, ಅಂದರೆ ಅತ್ತಿಗೆ. ಸರ್ಕಾರಿ ಇಂಜಿನಿಯರು. ನಗುನಗುತ್ತ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದರು. ಹುಡುಗತನದಿಂದಲೂ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್.

ಅದೇ ಚಳಿಗಾಲ ಆಫೀಸಿನ ಗೆಳೆಯರೊಬ್ಬರು ಅಣ್ಣನನ್ನು ಮಿಯಾಪುರದಾಚೆಯ ಬಾಬಾ ಒಬ್ಬನ ಹತ್ತಿರ ಕರೆದೊಯ್ದರು. ಆತ ಯಾವುದೋ ಬೇರಿನ ಪುಡಿ ಕೊಟ್ಟು, ಸೂಜಿ ಬಿಟ್ಟರೇ ಇದು ಹಿಡಿಯುವುದು ಎಂದನಂತೆ. ವೈನಿಗೆ ಹೇಳದೆ ಅಣ್ಣ ಸೂಜಿ ಬಿಟ್ಟರು. ವಾಂತಿ ಶುರುವಾಗಿ, ಉಸಿರು ಮೇಲೆ ಮೇಲೆ ಬರತೊಡಗಿದಾಗಲೇ ಬಾಯಿಬಿಟ್ಟದ್ದು. ಆಟೋದಲ್ಲಿ ಅವರ ತಲೆ ತೊಡೆಯ ಮೇಲಿಟ್ಟುಕೊಂಡು ವೈನಿ ಕೇಳುತ್ತಲೇ ಇದ್ದರು.

"ಎಲ್ಲಾ ಗೊತ್ತಿತ್ತಲ್ರೀ ನಿಮಗ! ಯಾಕ ಹಿಂಗ ಮಾಡಿದ್ರಿ?"

"ಭಾಳ ಬ್ಯಾಸರಾಗಿತ್ತು... ಚುಚ್ಚಿಕೊಂಡು ಚುಚ್ಚಿಕೊಂಡು..."

ಅಷ್ಟರಲ್ಲಿ ಅಣ್ಣನಿಗೆ ಎಚ್ಚರ ತಪ್ಪಿತು. ಮರುದಿನ ಆಸ್ಪತ್ರೆಯಲ್ಲೇ ಹೋದರು.

ಕರ್ಮಗಳು ಮುಗಿದ ಮೇಲೆ ವೈನಿ ಸಮೀಕ್ಷೆಯ ಹಿರಿಯರಿಗೆ ಫೋನು ಮಾಡಿದರು. ಇನ್ನೊಂದು ಪ್ರಶ್ನೆ ಸೇರಿಸಿ ಎಂದು ಅಂಗಲಾಚಿದರು: ನಿಮಗೆ ಗೊತ್ತಿರುವುದನ್ನು ನಿಮ್ಮ ಮೈಗೆ ಬಂದಾಗಲೂ ನಂಬುತ್ತೀರಾ? ಅವರು ಮೆತ್ತಗೆ ಆಗದೆಂದರು. ಎಲ್ಲ ದೇಶಗಳಿಗೂ ಪ್ರಶ್ನೆ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸುವುದು ಹೇಗೆ?

ಜನವರಿಯಲ್ಲಿ ಉಳಿದ ಕೆಲಸಕ್ಕೆಂದು ನಾಂಪಲ್ಲಿಯಲ್ಲಿ ವರ್ಷವರ್ಷ ನಡೆಯುವ ವಸ್ತುಪ್ರದರ್ಶನ ನುಮಾಯಿಷ್‌ಗೆ ಹೋದೆವು. ಬಟ್ಟೆ ಅಂಗಡಿಯೊಂದರ ಮುಂದೆ ಒಬ್ಬ ಗೃಹಸ್ಥರು ಒಂದೊಂದಕ್ಕೂ ಸರಿಯುತ್ತರ ಕೊಟ್ಟರು. ವೈನಿ ಥಟ್ಟನೆ ಅವರ ಕೈ ಹಿಡಿದುಬಿಟ್ಟರು.

"ಮನ್ಯಾಗೂ ಹಿಂಗ ನಡೀತೀರೇನ್ರಿ? ಖರೇ ಹೇಳ್ರಿ!"

ತೆಲುಗು ಮರೆತು ಕನ್ನಡದಲ್ಲೇ ಕೇಳುತ್ತಿದ್ದರು. ಆತ ಕೊಸರಿಕೊಂಡರೂ ಬಿಡಲಿಲ್ಲ. ಜನ ಸೇರಿದರು. ನಾನು ವೈನಿಯನ್ನು ತಬ್ಬಿ ಹೊರಗೆ ಕರೆತಂದೆ. "ನಿಮ್ಮ ಅಣ್ಣಾವ್ರಿಗೂ ಎಲ್ಲಾ ಬರ್ತಿತ್ತು ನೋಡವ್ವಾ," ಎಂದು ಫುಟ್‌ಪಾತಿನಲ್ಲಿ ಕುಸಿದು ಕೂತರು.

ಸಮೀಕ್ಷೆಯನ್ನು ಬೇರೆಯವರು ಮುಗಿಸಿದರು. ವೈನಿ ಗುಲ್ಬರ್ಗದ ತಮ್ಮನ ಮನೆ ಸೇರಿದರು; ಹೆಚ್ಚು ಕಾಲ ಬದುಕಲಿಲ್ಲ.

ಈಗ ನೆಂಟರು ನನ್ನ ಫೋನಿಗೂ ಎಂಥೆಂಥದೋ ಪುಡಿ, ಎಲೆ, ಕಷಾಯದ ಸುದ್ದಿ ಕಳಿಸುತ್ತಾರೆ. ಸುಳ್ಳೆಂದು ನನಗೆ ಗೊತ್ತು. ಆದರೂ ಬೇಸತ್ತ ದಿನ ಕೊನೆಯ ಸಾಲಿನವರೆಗೂ ಓದುತ್ತೇನೆ... ಕೈ ಹಿಡಿದು ನನ್ನನ್ನೂ ಆ ಪ್ರಶ್ನೆ ಕೇಳಲು ವೈನಿ ಇರಬೇಕಿತ್ತು.