ದೊಡ್ಡಮ್ಮನ ಬೈಗುಳ

ನಮ್ಮ ದೊಡ್ಡಮ್ಮ ಬಲೆ ಹೆಣೆಯುವವಳು. ಎದುರು ದ್ವೀಪದಲ್ಲಿ ಹುಟ್ಟಿ, ಮದುವೆಯಾಗಿ ಈ ದ್ವೀಪಕ್ಕೆ ಬಂದವಳು. ಅವರ ಭಾಷೆಗೂ ನಮ್ಮದಕ್ಕೂ ಹುಟ್ಟಿನಿಂದ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಬಲೆ ಹರಿದರೆ ಎರಡೂ ದ್ವೀಪದವರು ದಡದ ಕಟ್ಟೆಯ ಮೇಲೆ ಎದುರುಬದುರು ಕೂತು ಹೆಣೆಯುವುದು ರೂಢಿ. ಅವರವರು ತಮ್ಮ ಭಾಷೆಯಲ್ಲೇ ಹರಟುತ್ತಾರೆ, ಎದುರಿನವರಿಗೆ ಅರ್ಥವಾಗುತ್ತದೆ. ಹೀಗೆ ತಲೆಮಾರುಗಟ್ಟಲೆ ಹರಟಿ ಹರಟಿ ಎರಡು ಭಾಷೆಗಳೂ, ಬಹುಕಾಲ ಸಂಸಾರ ಮಾಡಿದ ಗಂಡಹೆಂಡಿರ ಮುಖಗಳಂತೆ, ಒಂದನ್ನೊಂದು ಹೋಲತೊಡಗಿವೆ. ಪದಗಳು ಬೇರೆಯೇ, ಆದರೆ ರಾಗ, ಎಳೆತ, ಮಾತು ಸುತ್ತಿ ಬಳಸಿ ಬರುವ ದಾರಿ ಒಂದೇ.

ದೊಡ್ಡಮ್ಮನಿಗೆ ಇದು ಸುತರಾಂ ಹಿಡಿಸದು. "ಕಲಬೆರಕೆ ಮಾತು!" ಎಂದು ಮೂಗು ಮುರಿದು, ಕಟ್ಟೆಗೆ ಹೋಗದೆ, ಹಿಂದಿನ ಕೋಣೆಯ ಕಿಟಕಿ ಸರಳಿಗೆ ಬಲೆ ಕಟ್ಟಿಕೊಂಡು ಒಬ್ಬಳೇ ಹೆಣೆಯುತ್ತಿದ್ದಳು. ತನ್ನ ಅಮ್ಮ ಆಡುತ್ತಿದ್ದ ಹಳೇ ರಾಗದಲ್ಲೇ ಆ ಬಲೆಯೊಂದಿಗೆ ಮಾತಾಡುತ್ತಿದ್ದಳು. ಬಲೆ ಎದುರಾಡುವುದಿಲ್ಲವಲ್ಲ, ಅದೇ ಅನುಕೂಲ.

ಅವಳಿಗಿದ್ದುದು ಒಂದೇ ಆಸೆ. ತವರಿಗೆ ಹೋಗಿ ತಂಗಿಯ ಜೊತೆ ಅಮ್ಮನ ಮಾತಿನಲ್ಲಿ ಹೊಟ್ಟೆತುಂಬ ಮಾತಾಡಬೇಕು. ತಂಗಿಗೆ ದೋಣಿ ಕಂಡರೆ ತಲೆಸುತ್ತು. ಇವಳಿಗೆ ಹಾಸಿಗೆ ಹಿಡಿದ ಗಂಡನನ್ನು ಬಿಟ್ಟು ಕದಲುವಂತಿರಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ, ಕೊನೆಗೂ, ನಾನೇ ಕರೆದುಕೊಂಡು ಹೋದೆ.

ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. "ಬಂದ್ಯಾ ಅಕ್ಕಾ, ಬಾ, ಕೂತ್ಕೋ" ಎಂದಳು. ಪದಗಳು ಅವರವೇ, ರಾಗ ಮಾತ್ರ ಸಾಕ್ಷಾತ್ ನಮ್ಮ ಕಟ್ಟೆಯದು.

ದೊಡ್ಡಮ್ಮನ ಮುಖ ಸಪ್ಪಗಾಯಿತು. ಕೂರಲಿಲ್ಲ. ಆಮೇಲೆ ಸಿಟ್ಟು ನೆತ್ತಿಗೇರಿತು.

"ಏನೇ ಇದು ನಿನ್ನ ಮಾತು? ಅಮ್ಮ ಹೀಗಾ ಮಾತಾಡ್ತಿದ್ದಿದ್ದು? ಅಲ್ಲಿ ನಾನು ಬಲೆ ಜೊತೆ ಮಾತಾಡಿ ಉಳಿಸ್ಕೊಂಡೆ. ನೀನು ಇಲ್ಲೇ ಇದ್ದು ಕಳ್ಕೊಂಡ್ಯಲ್ಲೇ, ಮೂದೇವಿ!"

ಆ ಹಳೇ ಮಾತು ಕೇಳಿ ತಂಗಿಯ ಮೊಮ್ಮಕ್ಕಳು ಕಿಸಕ್ಕೆಂದರು. ತಂಗಿ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. ದೊಡ್ಡಮ್ಮ ಗಾಬರಿಯಾದಳು.

"ಅಳ್ಬೇಡ್ವೇ. ಏನೋ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

"ಅದಕ್ಕಲ್ಲ ಅಕ್ಕಾ. ಅಮ್ಮ ಹೋದ್ಮೇಲೆ ನಂಗೆ ಯಾರೂ ಹೀಗೆ ಬೈದಿಲ್ಲ. ಇನ್ನೊಂಚೂರು ಬೈಯೇ."

ದೊಡ್ಡಮ್ಮ ಪಕ್ಕದಲ್ಲಿ ಕೂತು ತಂಗಿಯ ತಲೆಯನ್ನು ತೊಡೆಯ ಮೇಲೆಳೆದುಕೊಂಡಳು. ತಲೆ ಬಾಚದ್ದಕ್ಕೆ ಬೈದಳು, ಸೊರಗಿದ್ದಕ್ಕೆ ಬೈದಳು, ದೋಣಿಗೆ ಹೆದರಿ ಇಷ್ಟು ವರ್ಷ ಬಾರದೇ ಇದ್ದುದಕ್ಕೆ ಬೈದಳು. ನಾವು ಮರಳಬೇಕಿದ್ದ ಸಂಜೆಯ ದೋಣಿ ಬಂತು. ಬೈಯಲು ಇನ್ನೇನೂ ಉಳಿಯದಿದ್ದಾಗ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.