ನಾಲ್ಕು ಪೌಂಡಿನ ಮುಚ್ಚಳ

ನನ್ನ ಮಾವ ವಿಲ್ಫ್ ಟ್ರಾಂಟರ್ ಬಿಸಿನೀರಿಗೆ ಹೆದರುವವರಲ್ಲ. ಕೆಟಲ್ ಕುದಿಯುತ್ತಿದ್ದರೂ ಅದರ ಹೊಟ್ಟೆಗೆ ಹಿಂಗೈ ತಾಗಿಸಿ ನೋಡುತ್ತಾರೆ. ನಾನೋ, ಮಗಳು ಟಿಲ್ಲಿಯನ್ನು ಸ್ನಾನದ ತೊಟ್ಟಿಗೆ ಇಳಿಸುವ ಮುಂಚೆ ಮೂರು ಸಲ ಮೊಣಕೈ ಅದ್ದುವವಳು.

ಹದಿನೈದನೇ ವಯಸ್ಸಿಗೆ ಕೊವೆಂಟ್ರಿಯ ಫೋಲ್ಸ್‌ಹಿಲ್ ರಸ್ತೆಯ ಹಿಂದಿದ್ದ ಒಂದು ಶೆಡ್ಡಿಗೆ ಸೇರಿದ ಮಾವ, ನಲವತ್ತೊಂದು ವರ್ಷ ಕಾರುಗಳ ಸೋರುವ ರೇಡಿಯೇಟರ್‌ಗಳಿಗೆ ಬೆಸುಗೆ ಹಾಕಿದರು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿ, ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ಕಾಯುವುದು, ಬಂದ ಕಡೆ ಬೆಸುಗೆ, ಮತ್ತೆ ಮುಳುಗಿಸುವುದು. ಅವರ ಎರಡೂ ಕೈಗಳ ಮೇಲೆ ಅಕ್ಕಿ ಕಾಳಿನಷ್ಟು ಸುಟ್ಟ ಗುರುತುಗಳು. ಶೆಡ್ಡು ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಒಂದೇ ಕಾರು: ಸಾವಿರದ ಒಂಬೈನೂರ ಐವತ್ತೇಳರ ಹಸಿರು ಕಾರು, ಎರಡೇ ಸೀಟು, ಮೇಲೆ ಛಾವಣಿಯಿಲ್ಲ. ಗುಜರಿಯಿಂದ ತಂದು, ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಮಾಡಿಟ್ಟಿದ್ದಾರೆ. ಸೀಟು ಬೆಲ್ಟ್ ಮಾತ್ರ ನನ್ನ ಹಠಕ್ಕೆ ಬಂದದ್ದು. ಅದಕ್ಕೆ ಹಳೆ ಕಾರುಗಳ ಸ್ಪರ್ಧೆಯ ತೀರ್ಪುಗಾರರು ಅಂಕ ಕಳೆಯುತ್ತಾರೆ ಎಂದು ಮಾವ ಈಗಲೂ ಗೊಣಗುತ್ತಾರೆ.

ಪ್ರತಿ ಜುಲೈನಲ್ಲಿ ಅವರ ಕ್ಲಬ್ಬಿನ ಕಾರುಗಳೆಲ್ಲ ಸನ್‌ರೈಸಿಂಗ್ ಹಿಲ್ ಎಂಬ ಗುಡ್ಡ ಹತ್ತುತ್ತವೆ. ತುದಿಯ ಹುಲ್ಲುಗಾವಲಿನಲ್ಲಿ ಬಾನೆಟ್ ಎತ್ತಿ ನಿಲ್ಲಿಸಬೇಕು, ತೀರ್ಪುಗಾರರು ಒಳಗೆ ಇಣುಕುತ್ತಾರೆ. ಆದರೆ ದಾರಿಯಲ್ಲಿ ಬಾನೆಟ್ ಎತ್ತಿದವನ ಮಾನ ಹೋಯಿತು ಎಂದೇ ಲೆಕ್ಕ. ಇನ್ನೊಂದು ಪದ್ಧತಿಯೂ ಇದೆ: ಮನೆಯ ಮಗುವಿಗೆ ಐದು ತುಂಬಿದ ವರ್ಷ ಅದು ಪಕ್ಕದ ಸೀಟಿನಲ್ಲಿ ಕೂತು ಗುಡ್ಡ ಹತ್ತಬೇಕು. ಈ ವರ್ಷ ಟಿಲ್ಲಿಯ ಸರದಿ.

ಹೋದ ವರ್ಷ ಅದೇ ಗುಡ್ಡದ ಅರ್ಧದಲ್ಲಿ ಕಾರು ಕುದಿದು ಉಗಿ ಎಬ್ಬಿಸಿತ್ತು. ಮಾವನ ಹಳೆಯ ಗೆಳೆಯ ಕ್ಲೆಮ್ ಕ್ರಿಸ್‌ಮಸ್ ತನಕವೂ ಬಿಡಲಿಲ್ಲ.

"ಏನ್ ವಿಲ್ಫ್, ಟೀ ಕಾಯ್ಸೋಕೆ ಇಟ್ಟಿದ್ಯಾ ಕಾರಲ್ಲಿ? ನಂಗೂ ಒಂದ್ ಕಪ್ ಇರ್ಲಿ."

"ಒಂದು ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿಬಿಡಿ ಮಾವ," ಎಂದೆ ನಾನು.

"ಅದರ ಬದಲು ನನ್ನ ಮುಖಕ್ಕೊಂದು ಪ್ಲಾಸ್ಟಿಕ್ ಮೂಗು ಹಾಕ್ಸು," ಎಂದರು.

ಚಳಿಗಾಲವಿಡೀ ಅವರು ಆ ಕಾರಿನ ಹೊಟ್ಟೆಯೊಳಗೇ ಇದ್ದರು. ಎಂಜಿನ್ನಿನ ಬುಡದ ಸಣ್ಣ ನಲ್ಲಿ ಬಿಚ್ಚಿ, ಸೈಕಲ್ಲಿನ ಕಡ್ಡಿ ತೂರಿಸಿ, ಅರವತ್ತು ವರ್ಷದ ತುಕ್ಕಿನ ಕೆಸರನ್ನು ಬಕೆಟ್‌ಗಟ್ಟಲೆ ಕೆದಕಿ ತೆಗೆದರು. ರೇಡಿಯೇಟರಿನ ಹಳೆಯ ಹಿತ್ತಾಳೆ ತಲೆ ಉಳಿಸಿಕೊಂಡು ಒಳಗಿನ ಜಾಲರಿ ಹೊಸದು ಕೂರಿಸಿದರು. ಒಂದು ಬೆಳಿಗ್ಗೆ ನಾನು ಟಿಲ್ಲಿಗೆ ಗಂಜಿ ಕಾಯಿಸಲು ಹೋದರೆ, ನನ್ನ ಪಾತ್ರೆಯಲ್ಲಿ ಕಾರಿನ ಥರ್ಮೋಸ್ಟಾಟ್, ಅಂದರೆ ನೀರು ಕಾದಾಗ ತೆರೆದುಕೊಳ್ಳುವ ಕವಾಟ, ಬೇಯುತ್ತಿತ್ತು, ಪಕ್ಕದಲ್ಲಿ ಜಾಮ್ ಮಾಡುವಾಗ ಬಳಸುವ ಉಷ್ಣಮಾಪಕ.

"ಇದಕ್ಕೆ ಸುತ್ತ ಹಿತ್ತಾಳೆ ಲಂಗ ಇದೆ ನೋಡು ಮರಿ. ಈಗಿನವಕ್ಕೆ ಇರಲ್ಲ. ಲಂಗ ಇಲ್ದಿದ್ರೆ ಬಿಸಿನೀರು ರೇಡಿಯೇಟರ್‌ಗೆ ಹೋಗೋದು ಬಿಟ್ಟು ಅಡ್ಡದಾರೀಲಿ ಎಂಜಿನ್‌ಗೇ ವಾಪಸ್ ಬರತ್ತೆ."

"ಅದು ನನ್ನ ಗಂಜಿ ಪಾತ್ರೆ ಮಾವ!"

"ಲಂಗ ತೊಳೆದೇ ಹಾಕಿದೀನಿ."

ಇಷ್ಟಾದರೂ ಬೇಸಿಗೆ ಬಂದಾಗ, ಸಣ್ಣ ಏರುಗಳಲ್ಲೂ ನೀರಿನ ಬಿಸಿ ತೋರಿಸುವ ಮುಳ್ಳು ಇನ್ನೂರ ಹನ್ನೆರಡಕ್ಕೆ, ಅಂದರೆ ಆ ಹಳೆಯ ಲೆಕ್ಕದಲ್ಲಿ ನೀರು ಕುದಿಯುವ ಅಂಕಿಗೆ, ಹೋಗಿ ತಾಗುತ್ತಿತ್ತು. ಜೂನ್ ಕೊನೆಯಲ್ಲಿ ಮಾತ್ರ ಮಾವ ಸಿಳ್ಳೆ ಹಾಕುತ್ತ ಒಳಗೆ ಬಂದರು. ಎಷ್ಟು ಹತ್ತಿಸಿದರೂ ಕುದಿಯುತ್ತಿಲ್ಲವಂತೆ. ನನಗೆ ಖುಷಿಯಾಗುವ ಬದಲು ಅನುಮಾನ ಬಂತು.

"ಏನ್ ಮಾಡಿದ್ರಿ?"

ಅವರು ರೇಡಿಯೇಟರಿನ ಮುಚ್ಚಳ ತಂದು ಮೇಜಿನ ಮೇಲಿಟ್ಟರು. ಅದೇ ಹಳೆಯ ಮುಖ, ಅದೇ ಸವೆದ '4' ಅಂಕಿ. ತಿರುಗಿಸಿದರೆ ಕೆಳಗೆ ಹೊಳೆಯುವ ಹೊಸ ಸ್ಪ್ರಿಂಗು. ನಾಲ್ಕು ಪೌಂಡ್ ಒತ್ತಡ ತಡೆಹಿಡಿಯುವ ಮುಚ್ಚಳದ ಮುಖವನ್ನು ಕತ್ತರಿಸಿ, ಹದಿಮೂರು ಪೌಂಡಿನ ಮುಚ್ಚಳದ ಮೇಲೆ ಬೆಸೆದಿದ್ದರು.

"ತೀರ್ಪುಗಾರರ ಅಪ್ಪನಿಗೂ ಗೊತ್ತಾಗಲ್ಲ," ಎಂದು ಕಣ್ಣು ಹೊಡೆದರು. "ಒತ್ತಡ ಜಾಸ್ತಿ ಆದ್ರೆ ನೀರು ಬೇಗ ಕುದಿಯಲ್ಲ. ನಿನ್ನ ಕುಕ್ಕರ್ ಹಾಗೇನೆ."

ನಾನು ಮುಚ್ಚಳವನ್ನು ಮೇಜಿನ ಮೇಲೆ ವಾಪಸ್ ಇಟ್ಟೆ. "ಕುಕ್ಕರ್‌ನ ಗೋಡೆ ದಪ್ಪ ಇರತ್ತೆ ಮಾವ. ಇಲ್ಲಿ ಈ ಒತ್ತಡ ತಡಕೋಬೇಕಾದ್ದು ಇನ್ನೇನೇನಿದೆ?"

"ರೇಡಿಯೇಟರ್ ನಂದೇ ಕೆಲಸ. ಪೈಪು ಹೊಸದು. ಹೀಟರ್..." ಸ್ವಲ್ಪ ತಡೆದು ಹೆಮ್ಮೆಯಿಂದಲೇ ಹೇಳಿದರು, "ಹೀಟರ್‌ನ ಮಾತ್ರ ಕಾರ್ಖಾನೆ ಬಿಟ್ಟಾಗಿಂದ ಯಾರೂ ಮುಟ್ಟಿಲ್ಲ. ಎಂಜಿನ್‌ನ ಬಿಸಿನೀರು ಅದರೊಳಗೂ ಹರಿಯತ್ತೆ, ಆದ್ರೆ ಅದನ್ನ ತೆಗೀಬೇಕಾದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಕೀಳ್ಬೇಕು."

"ಅದು ಎಲ್ಲಿರತ್ತೆ?"

"ಪಕ್ಕದ ಸೀಟಿನ ಮುಂದೆ. ಕಾಲಿನ ಮೇಲ್ಗಡೆ."

ಟಿಲ್ಲಿಯ ಕಾಲು. ಸೀಟಿನಿಂದ ಮುಂದಕ್ಕೆ ಚಾಚಿಕೊಳ್ಳುವ, ನೆಲಕ್ಕೆ ಎಟುಕದ ಕಾಲು. ಆಮೇಲೆ ನನಗೆ ಬೇರೇನೂ ಕಾಣಲಿಲ್ಲ. ಕಳಿಸುವುದಿಲ್ಲ ಎಂದೆ. ಓದಿದವರಿಗೆಲ್ಲ ಇದೇ ಕಾಯಿಲೆ ಎಂದರು. ಟಿಲ್ಲಿ ಅತ್ತಳು. ಕೊನೆಗೆ, ಕ್ಲಬ್ಬಿನವರು ಗುಡ್ಡ ಹತ್ತುವ ದಿನಕ್ಕೆ ಒಂದು ವಾರ ಮುಂಚೆ, ಮೊದಲು ನನ್ನನ್ನು ಕೂರಿಸಿಕೊಂಡು ಗುಡ್ಡ ಹತ್ತಿಸಿ ತೋರಿಸಿ ಎಂದೆ. ಬಿಸಿಲಿದ್ದರೂ ಬೂಟು ಹಾಕಿಕೊಂಡು, ಎರಡು ಜೊತೆ ಕಾಲುಚೀಲ ಏರಿಸಿ ಕೂತೆ. ಮಾವ ಬಾಯಿಮುಚ್ಚಿ ನಕ್ಕರು.

ಬುಡದಲ್ಲಿ ಮುಳ್ಳು ನೂರ ಎಂಬತ್ತು. ಮೊದಲ ತಿರುವಿಗೆ ಇನ್ನೂರು. ಗೇರು ಇಳಿಸಿದರು, ಎಂಜಿನ್ನಿನ ಸದ್ದು ಏರಿತು. ಇನ್ನೂರ ಹನ್ನೆರಡು. ದಾಟಿತು.

"ನೋಡು, ಕುದೀತಾ? ಇಲ್ಲ."

ನಾನು ಮೂಗು ಅರಳಿಸಿದೆ. ಸಿಹಿಯಾದ, ಕೆಮ್ಮಿನ ಔಷಧಿಯಂಥ ವಾಸನೆ ಬರುತ್ತಿತ್ತು. ಬಲಗಾಲ ಬೂಟಿನ ಮೇಲೆ ಒಂದು ಹನಿ. ಇನ್ನೊಂದು.

"ಮಾವ, ಸೋರ್ತಿದೆ."

"ಏನು?"

"ಮಾವ!"

ಎರಡೂ ಕಾಲನ್ನು ಎದೆಗೆ ಎಳೆದುಕೊಂಡೆ. ಅದೇ ಗಳಿಗೆಗೆ ಡ್ಯಾಶ್‌ಬೋರ್ಡಿನ ಕೆಳಗೆ ಬಟ್ಟೆ ಹರಿದಂತೆ ಸದ್ದಾಗಿ, ಕಾಲಿದ್ದ ಜಾಗವೆಲ್ಲ ಬಿಳಿ ಉಗಿಯಾಯಿತು. ಮಾವ ಕಾರನ್ನು ಹುಲ್ಲಿಗೆ ಹತ್ತಿಸಿ ಎಂಜಿನ್ ಆರಿಸಿ, ಈ ಕಡೆ ಓಡಿ ಬಂದು, ಬೆಲ್ಟ್ ಬಿಚ್ಚಿ, ನನ್ನನ್ನು ತೋಳು ಹಿಡಿದು ಬಾಗಿಲ ಮೇಲಿಂದಲೇ ಎಳೆದು ಹಾಕಿದರು. ಮೀನಖಂಡದ ಮೇಲೆ ಅಂಗೈ ಅಗಲ ಕೆಂಪಾಗಿತ್ತು, ಅಷ್ಟೇ. ಕಾಲುಚೀಲ ಕಾಪಾಡಿತ್ತು.

ನನ್ನ ಕಾಲಿಗಿಂತ ಮಾವನನ್ನು ನೋಡಿ ಹೆಚ್ಚು ಹೆದರಿದೆ. ಕೆಟಲ್ಲಿಗೆ ಕೈ ಇಡುವ ಮನುಷ್ಯ ಹುಲ್ಲಿನ ಮೇಲೆ ಕುಸಿದಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಕುಡಿಯುವ ನೀರಿನ ಬಾಟಲಿ ತೆಗೆದು ನನ್ನ ಕಾಲಿನ ಮೇಲೆ ಸುರಿಯುತ್ತ, ಖಾಲಿಯಾದ ಮೇಲೂ ಅದನ್ನು ಹಾಗೇ ಬಗ್ಗಿಸಿ ಹಿಡಿದಿದ್ದರು.

"ಟಿಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿರ್ತಿದ್ಲು," ಎಂದರು. ಮತ್ತೆ ಅದನ್ನೇ ಹೇಳಿದರು.

ಆಮೇಲೆ ತಲೆ ಎತ್ತದೆ ಹೇಳಿದರು: "ಆ ಕಾಲದಲ್ಲಿ ಎಲ್ಲರೂ ಗುಡ್ಡದ ಮಧ್ಯ ನಿಲ್ಲಿಸ್ತಿದ್ರು ಮರಿ. ಬಾನೆಟ್ ಎತ್ತಿ, ಒಂದು ಸಿಗರೇಟ್ ಸೇದಿ, ಆಮೇಲೆ ಮುಂದೆ ಹೋಗ್ತಿದ್ರು. ಕಾರು ಮಾಡಿದ್ದೇ ಹಾಗೆ. ನಾನು ಕ್ಲೆಮ್‌ಗೆ ಹೆದರ್ಕೊಂಡು..."

ಆ ವಾರ ಡ್ಯಾಶ್‌ಬೋರ್ಡ್ ಪೂರ್ತಿ ಹೊರಗೆ ಬಂತು. ಹೀಟರ್ ಬಿಚ್ಚಿ ಹೊಸ ಜಾಲರಿ ಕೂರಿಸಿ, ನಮ್ಮ ಸ್ನಾನದ ತೊಟ್ಟಿಯಲ್ಲೇ ಮುಳುಗಿಸಿ ಗಾಳಿ ಊದಿದರು. ಒಂದು ಗುಳ್ಳೆಯೂ ಬರಲಿಲ್ಲ. ನನ್ನನ್ನು ಕರೆದು ಇನ್ನೊಮ್ಮೆ ಊದಿ ತೋರಿಸಿದರು. ಬೆಸೆದ ಮುಚ್ಚಳವನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಎಲ್ಲೋ ಹುಡುಕಿ ನಿಜವಾದ ನಾಲ್ಕು ಪೌಂಡಿನದೇ ತಂದರು. "ಟಿಲ್ಲಿನ ಕಳ್ಸು ಅಂತ ಕೇಳಲ್ಲ. ನೀನೇ ಹೇಳು," ಎಂದರು. ಶನಿವಾರದ ತನಕ ನಾನು ಹೇಳಲಿಲ್ಲ. ಆಮೇಲೆ ಹೂಂ ಎಂದೆ. ಟಿಲ್ಲಿಗೆ ಮೂರು ಜೊತೆ ಕಾಲುಚೀಲ ಹಾಕಿದೆ.

ಭಾನುವಾರ ಅವರ ಹಿಂದೆಯೇ ನನ್ನ ಕಾರು. ಹಸಿರು ಕಾರಿನ ಅಂಚಿನ ಮೇಲೆ ಟಿಲ್ಲಿಯ ಟೋಪಿ ಮಾತ್ರ ಕಾಣುತ್ತಿತ್ತು. ಮುಳ್ಳು ಎಲ್ಲಿದೆಯೋ ಗೊತ್ತಿಲ್ಲ. ಉಗಿ ಕಂಡಿತೆಂದು ಎರಡು ಸಲ ಹಾರ್ನ್ ಒತ್ತಲು ಹೋದೆ. ಎರಡು ಸಲವೂ ಅದು ಮುಂದಿನವರ ಹೊಗೆ.

ಗುಡ್ಡದ ಅರ್ಧದಲ್ಲಿ ಒಂದು ಹೊಲದ ಗೇಟಿನ ಮುಂದೆ ಮಾವ ನಿಲ್ಲಿಸಿದರು. ಇಳಿದು, ಎಲ್ಲರೆದುರೇ ಬಾನೆಟ್ ಎತ್ತಿದರು. ಕಾರುಗಳು ಹಾರ್ನ್ ಹೊಡೆಯುತ್ತ ದಾಟಿದವು.

"ಏನ್ ವಿಲ್ಫ್, ಟೀ ಆಯ್ತಾ?" ಕ್ಲೆಮ್ ಕೂಗಿಕೊಂಡೇ ಹೋದ.

"ಆಗ್ತಿದೆ ಹೋಗೋ! ನಿಂಗಿಲ್ಲ!" ಮಾವನ ಕಿವಿ ಕೆಂಪಾಗಿತ್ತು.

ನಾನು ಓಡಿಹೋಗಿ ಟಿಲ್ಲಿಯ ಕಾಲ ಕೆಳಗಿನ ಚಾಪೆ ತಡವಿದೆ. ಒಣಗಿತ್ತು. ಇನ್ನೊಮ್ಮೆ ತಡವಿದೆ.

"ಅಮ್ಮಾ, ಕಚಗುಳಿ!"

ಮಾವ ರೇಡಿಯೇಟರಿನ ನೆತ್ತಿಗೆ ಕೈ ತರಲು ಹೋಗಿ, ತಡೆದು, ನನ್ನ ಕಡೆ ನೋಡಿದರು.

"ಎಷ್ಟು ಹೊತ್ತು ಮಾವ?"

"ನೀನು ಸಾಕು ಅನ್ನೋ ತನಕ."

ಹನ್ನೊಂದು ನಿಮಿಷ ಕಾದೆವು. ಆಮೇಲೆ ಇನ್ನೂ ಎರಡು ನಿಮಿಷ ಅವರನ್ನು ಕಾಯಿಸಿದೆ.